ಪ್ರೋತ್ಸಾಹಕ್ಕೆ ಸಿಕ್ಕಿಬಿದ್ದ ಸುರುಳಿ ಮೇಸ್ತ್ರಿ

ನನ್ನ ಷಡ್ಡಕರಿಗೆ ನನ್ನನ್ನು ಕಂಡರೆ ಆಗುವುದಿಲ್ಲ. ಇದನ್ನು ನಾನು ದುಃಖದಿಂದ ಹೇಳುತ್ತಿಲ್ಲ. ಅವರಿಗೆ ಆಗದವರ ಸಾಲು ಉದ್ದವಾಗಿದೆ, ಅದರಲ್ಲಿ ಮುಂದಿನ ಜಾಗವೇನೂ ನನಗೆ ಸಿಕ್ಕಿಲ್ಲ. ಎಲ್ಲರಿಗಿಂತ ಮುಂದೆ ಇರುವವನು ಅವರ ಅಂಗಡಿಯ ಎದುರುಗಡೆಯ ವೆಲ್ಡರ್. ಅವನ ಹಿಂದೆ ಸರ್ಕಾರ. ಆಮೇಲೆ, ಹೊಸ ಫ್ಯಾನು ಅಗ್ಗಕ್ಕೆ ಸಿಗುತ್ತದೆಂದು ಹಳೆಯದನ್ನು ಗುಜರಿಗೆ ಹಾಕುವವರು. ಸುಟ್ಟ ಮೋಟರು ತಂದಿಟ್ಟು ‘ಬೇಗ ಬೇಕು’ ಎನ್ನುವವರು. ‘ನಿಧಾನಕ್ಕೆ ಮಾಡಿ ಪರವಾಗಿಲ್ಲ’ ಎನ್ನುವವರು. ಈ ಕೊನೆಯವರಿಗೆ ಕೆಲಸದ ಮೇಲೆ ಗೌರವವಿಲ್ಲ ಎಂದು ಅವರ ದೂರು. ಇವರೆಲ್ಲ ಆದಮೇಲೆ ನಾನು.

ಅವರು ನನ್ನ ಹೆಂಡತಿಯ ಅಕ್ಕನ ಗಂಡ. ಹೆಂಡತಿ ಭಾವ ಎನ್ನುವುದರಿಂದ ನಾನೂ ಭಾವ ಎನ್ನುತ್ತೇನೆ. ಅವರು ನನ್ನನ್ನು ‘ಅಲ್ಪವಿರಾಮ’ ಎನ್ನುತ್ತಾರೆ. ಕಾರಣ, ನಾನು ಸರ್ಕಾರಿ ಮುದ್ರಣಾಲಯದಲ್ಲಿ ಕರಡು ತಿದ್ದುವವನು. ಸರ್ಕಾರ ಹೊರಡಿಸುವ ಕಾಯ್ದೆ, ಆದೇಶ, ತಿದ್ದುಪಡಿ, ತಿದ್ದುಪಡಿಯ ತಿದ್ದುಪಡಿ ಎಲ್ಲವೂ ನನ್ನ ಮೇಜನ್ನು ಹಾದೇ ಹೊರಗೆ ಹೋಗಬೇಕು. ಅವುಗಳ ಅರ್ಥಕ್ಕೂ ನನಗೂ ಸಂಬಂಧವಿಲ್ಲ. ಚಿಹ್ನೆಗಳಿಗೆ ಮಾತ್ರ ನಾನು ಹೊಣೆ. ಮದುವೆಯಾದ ಹೊಸದರಲ್ಲಿ ಭಾವ ನನ್ನ ಕೆಲಸವೇನೆಂದು ವಿಚಾರಿಸಿ, ನಾನು ವಿವರಿಸಿದ್ದನ್ನೆಲ್ಲ ಕೇಳಿಸಿಕೊಂಡು, “ಅದಕ್ಕೆ ಸಂಬಳ ಕೊಡ್ತಾರಾ?” ಎಂದಿದ್ದರು. ಆ ಪ್ರಶ್ನೆಗೆ ತಕ್ಕ ಉತ್ತರ ನನಗೆ ಇವತ್ತಿಗೂ ಹೊಳೆದಿಲ್ಲ.

ಅವರದು ಮೋಟರು ಸುತ್ತುವ ಕೆಲಸ. ನೀರೆತ್ತುವ ಪಂಪು, ಹಿಟ್ಟಿನ ಗಿರಣಿ, ಫ್ಯಾನು, ಮಿಕ್ಸಿ, ಯಾವುದರ ಮೋಟರು ಸುಟ್ಟರೂ ಅವರ ಅಂಗಡಿಗೆ ಬರುತ್ತದೆ. ಒಳಗಿನ ಕರಕಲಾದ ತಾಮ್ರದ ತಂತಿಯನ್ನು ಕಿತ್ತು ಹಾಕಿ, ಹೊಸ ತಂತಿಯನ್ನು ಸುರುಳಿ ಸುರುಳಿಯಾಗಿ ಸುತ್ತಿ, ಒಂದೊಂದು ಸುರುಳಿಯನ್ನೂ ಅದರದರ ಸಂದಿಯಲ್ಲಿ ಕೂರಿಸಿ, ದಾರದಿಂದ ಬಿಗಿದು, ಮೇಲೆ ವಾರ್ನಿಷ್ ಸುರಿದು ಒಣಗಿಸಬೇಕು. ಬೀದಿಯವರು ಅವರನ್ನು ಸುರುಳಿ ಮೇಸ್ತ್ರಿ ಎಂದು ಕರೆಯುವುದು ಈ ಕೆಲಸದಿಂದ. ಸಿಟ್ಟು ಬಂದಾಗ ತಾವೇ ಬಿಗಿಯಾಗಿ ಸುತ್ತಿಕೊಂಡು ಕೂತುಬಿಡುವುದರಿಂದಲೂ ಇರಬಹುದು. ಅವರ ಬೆರಳ ತುದಿಗಳು ಯಾವಾಗಲೂ ಜೇನಿನ ಬಣ್ಣಕ್ಕಿರುತ್ತವೆ. ಯಾವ ಸೋಪಿಗೂ ಆ ವಾರ್ನಿಷ್ ಬಗ್ಗುವುದಿಲ್ಲ. ಅವರ ಮನೆಯ ಬಾಗಿಲ ಚಿಲಕಗಳು, ಸ್ವಿಚ್ಚುಗಳು, ಅತ್ತಿಗೆಯ ಹೊಸ ಪಾತ್ರೆಯ ಹಿಡಿ, ಎಲ್ಲಕ್ಕೂ ಅದೇ ಬಣ್ಣ ಹತ್ತಿದೆ. ಕಳ್ಳ ಬಂದರೆ ಅವನ ಬೆರಳಚ್ಚು ಸಿಗುವ ಸಾಧ್ಯತೆಯೇ ಇಲ್ಲ, ಎಲ್ಲ ಕಡೆ ನಮ್ಮವರದೇ ಇದೆ ಎನ್ನುತ್ತಾರೆ ಅತ್ತಿಗೆ.

ಅಂಗಡಿ ಎಂದರೆ ಒಂದು ಉದ್ದನೆಯ ಇಕ್ಕಟ್ಟಾದ ಕೋಣೆ. ಗೋಡೆಗೆ ಹೊಡೆದ ಮೊಳೆಗಳಲ್ಲಿ ತಂತಿಯ ಉರುಳೆಗಳು. ನಡುವೆ ನೆಲಕ್ಕೆ ಬೋಲ್ಟು ಹಾಕಿದ ಕಬ್ಬಿಣದ ಮೇಜು. ಹಿಂಬಾಗಿಲು ತೆರೆದರೆ ಚಿಕ್ಕ ಹಿತ್ತಲು, ಹಿತ್ತಲಿನ ಮೂಲೆಯಲ್ಲಿ ಒಂದು ನಲ್ಲಿ. ಇಡೀ ಬೀದಿಯ ಅಂಗಡಿಗಳಿಗೆ ಅದೊಂದೇ ನಲ್ಲಿಯಾದ್ದರಿಂದ ಪಕ್ಕದ ಓಣಿಯಿಂದ ಬಂದು ಯಾರು ಬೇಕಾದರೂ ನೀರು ಹಿಡಿಯುತ್ತಾರೆ. ಕೋಣೆಯೊಳಗೆ ವಾರ್ನಿಷ್ ವಾಸನೆ ಎಷ್ಟು ದಟ್ಟವೆಂದರೆ, ನನಗೆ ಐದು ನಿಮಿಷಕ್ಕೆ ತಲೆ ಸುತ್ತುತ್ತದೆ. ಭಾವನಿಗೆ ಅಲ್ಲಿಂದ ಹೊರಗೆ ಬಂದರೆ ತಲೆ ಸುತ್ತುತ್ತದೆ.

ವಾರ್ನಿಷ್ ಒಣಗುವುದೇ ಈ ಕೆಲಸದಲ್ಲಿ ಮುಖ್ಯ. ಒಳಗೆ ಒಂದಿಷ್ಟು ಹಸಿ ಉಳಿದರೂ ಮೋಟರು ಮತ್ತೆ ಸುಡುತ್ತದೆ. ಬೇರೆಯವರು ದೊಡ್ಡ ಬಲ್ಬನ್ನು ಮೋಟರಿನ ಹೊಟ್ಟೆಯೊಳಗೆ ಇಳಿಬಿಟ್ಟು ಉರಿಸಿ ಒಣಗಿಸುತ್ತಾರೆ. ಭಾವನ ಪ್ರಕಾರ ಬಲ್ಬು ಇರುವುದು ಕೋಳಿಮರಿಗಳಿಗೆ. ಅವರಿಗೆ ಬಿಸಿಲೇ ಆಗಬೇಕು. ಹಾಗಾಗಿ ಅಂಗಡಿಯ ಮುಂದಿನ ಕಾಲುದಾರಿಯ ಮೇಲೆ ಬೆಳಿಗ್ಗೆಯಿಂದ ಸಂಜೆಯವರೆಗೆ ಅವರ ಮೋಟರುಗಳು ಸಾಲಾಗಿ ಮೈಕಾಯಿಸಿಕೊಳ್ಳುತ್ತಿದ್ದವು. ಇದಕ್ಕೆ ಸಂಬಂಧಿಸಿ ಆ ಬೀದಿಯಲ್ಲಿ ಒಂದು ರೂಢಿ ಬೆಳೆದಿತ್ತು. ಅಲ್ಲಿ ಹಾದು ಹೋಗುವ ಯಾರೇ ಆಗಲಿ, ಬೀಗದ ಕೈಯವನು, ಜೆರಾಕ್ಸಿನವನು, ಹಾಲಿನವನು, ಬಗ್ಗಿ ಮೋಟರನ್ನು ಅರ್ಧ ಉರುಳಿಸಿ ಮುಂದೆ ಹೋಗುತ್ತಿದ್ದರು. ಒಂದೇ ಮಗ್ಗುಲಿಗೆ ಬಿಸಿಲು ಬಿದ್ದರೆ ಇನ್ನೊಂದು ಮಗ್ಗುಲು ಹಸಿ ಉಳಿಯುತ್ತದಲ್ಲ, ಅದಕ್ಕೆ. ಯಾರೂ ಹೇಳಿಕೊಟ್ಟದ್ದಲ್ಲ, ಯಾರೂ ಕೇಳಿಕೊಂಡದ್ದಲ್ಲ. ತೊಟ್ಟಿಲಿನ ಪಕ್ಕ ಹೋಗುವವರು ಕೈ ತಾಗಿಸಿ ಹೋಗುವ ಹಾಗೆ ಅದು. ವೆಲ್ಡರ್ ಕೂಡ ಉರುಳಿಸುತ್ತಿದ್ದ.

ವೆಲ್ಡರ್ ಕೂಡ ಎಂದು ಒತ್ತಿ ಹೇಳುವುದಕ್ಕೆ ಕಾರಣವಿದೆ. ಅವನಿಗೂ ಭಾವನಿಗೂ ಮಾತು ನಿಂತು ಬಹಳ ವರ್ಷವಾಗಿತ್ತು. ಒಂದು ಕಾಲದಲ್ಲಿ ಇಬ್ಬರೂ ಒಂದೇ ಲೋಟದ ಟೀ ಹಂಚಿಕೊಂಡು ಕುಡಿದವರು. ಅವನ ಕಬ್ಬಿಣ ಉಜ್ಜುವ ಯಂತ್ರದ ಮೋಟರನ್ನು ಭಾವ ಸುತ್ತಿಕೊಟ್ಟಿದ್ದರು. ಅದು ಒಂದೇ ವಾರದಲ್ಲಿ ಸುಟ್ಟಿತು. ಅವನು ಬೀದಿಯಲ್ಲಿ ನಿಂತು ಸುತ್ತಿದ್ದೇ ಸರಿಯಿಲ್ಲ ಎಂದ. ಭಾವ, ಕತ್ತೆಗೆ ಹೇರುವ ಹಾಗೆ ಯಂತ್ರಕ್ಕೆ ಹೇರಿದರೆ ಕತ್ತೆಯೂ ಸುಡುತ್ತದೆ ಎಂದರು. ಆಮೇಲೆ ಇಬ್ಬರೂ ಏನಾದರೂ ಹೇಳಬೇಕಾದರೆ ನಡುವಿನ ದೀಪದ ಕಂಬಕ್ಕೆ ಹೇಳುತ್ತಿದ್ದರು. “ಕೆಲವರ ಕಿಡಿ ಬಂದು ನಮ್ಮ ವಾರ್ನಿಷ್ ಮೇಲೆ ಬೀಳ್ತಿದೆ” ಎಂದು ಭಾವ ಕಂಬಕ್ಕೆ ತಿಳಿಸುವರು. “ಕೆಲವರ ವಾಸನೆಗೆ ನಮ್ಮ ಕಿಡಿನೇ ಆರಿಹೋಗ್ತಿದೆ” ಎಂದು ಅವನು ಅದೇ ಕಂಬಕ್ಕೆ ಉತ್ತರಿಸುವನು. ಇಷ್ಟು ಮಾತು ಕೇಳಿಸಿಕೊಂಡ ಕಂಬ ನಾನು ಬೇರೆ ನೋಡಿಲ್ಲ.

ಹೀಗಿರುವಾಗ ಸರ್ಕಾರಕ್ಕೆ ನಮ್ಮನ್ನು ಪ್ರೋತ್ಸಾಹಿಸಬೇಕೆಂಬ ಮನಸ್ಸಾಯಿತು.

‘ಉನ್ನತ ತಂತ್ರಜ್ಞಾನ ಉದ್ಯಮಗಳ ಪ್ರೋತ್ಸಾಹ ಮತ್ತು ಅಭಿವೃದ್ಧಿ ಕಾಯ್ದೆ’ಯ ಕರಡು ನನ್ನ ಮೇಜಿಗೆ ಬಂದ ದಿನ ಮಳೆ ಬರುತ್ತಿತ್ತು ಎಂದು ಬರೆಯಬೇಕೆನಿಸುತ್ತದೆ, ಆದರೆ ಬರುತ್ತಿರಲಿಲ್ಲ. ಸಾಧಾರಣವಾದ ದಿನ. ನಾನು ಟೀ ಕುಡಿಯುತ್ತ ಓದಿದೆ. ಅದರಲ್ಲಿ ಉನ್ನತ ತಂತ್ರಜ್ಞಾನ ಎಂದರೇನು ಎಂಬುದಕ್ಕೆ ವ್ಯಾಖ್ಯಾನವಿತ್ತು: ‘ಉನ್ನತ ಸ್ವರೂಪದ ತಂತ್ರಜ್ಞಾನ, ಹಾಗೂ ಸರ್ಕಾರವು ಕಾಲಕಾಲಕ್ಕೆ ಉನ್ನತವೆಂದು ಘೋಷಿಸಬಹುದಾದ ಇತರ ಯಾವುದೇ ತಂತ್ರಜ್ಞಾನ.’ ಇದರಲ್ಲಿ ನನ್ನ ಕೊಡುಗೆ ಮಧ್ಯದ ಅಲ್ಪವಿರಾಮ. ಅಂಥ ಉದ್ಯಮಗಳಿಗೆ ನೆಲ ಅಗ್ಗ, ವಿದ್ಯುತ್ತು ಅಗ್ಗ, ತೆರಿಗೆ ಇಲ್ಲವೇ ಇಲ್ಲ. ಅವುಗಳಿಗೆಂದು ಊರೊಳಗೆ ‘ಪ್ರೋತ್ಸಾಹ ವಲಯ’ಗಳನ್ನು ಗುರುತಿಸಲಾಗುವುದು. ವಲಯದೊಳಗೆ ಮೊದಲಿನಿಂದ ಇದ್ದವರು ಉನ್ನತ ವರ್ಗದ ಮಾನ್ಯತೆ ಪಡೆಯತಕ್ಕದ್ದು, ಇಲ್ಲವೇ ತೆರವು ಮಾಡತಕ್ಕದ್ದು. ಮಾನ್ಯತೆಗೆ ಷರತ್ತುಗಳು: ಕೋಣೆಯ ಉಷ್ಣತೆ ಹತೋಟಿಯಲ್ಲಿರಬೇಕು, ದೂಳು, ಕಿಡಿ, ಹೊಗೆ ಇರಬಾರದು, ಕೆಲಸದ ಯಾವ ಹಂತವೂ ಬಯಲಿನಲ್ಲಿ ನಡೆಯಕೂಡದು. ಕೊನೆಯಲ್ಲಿ ವಲಯಗಳ ಪಟ್ಟಿ. ಅದರಲ್ಲಿ ಭಾವನ ಬೀದಿ ಇತ್ತು. ಒಂದು ಅಕ್ಷರ ತಪ್ಪಿತ್ತು, ತಿದ್ದಿದೆ.

ಸಂಜೆ ಹೋಗಿ ಹೇಳಿದೆ. ಭಾವ ತಂತಿ ಸುತ್ತುತ್ತಲೇ ಕೇಳಿದರು.

“ಯಾರನ್ನ ಪ್ರೋತ್ಸಾಹಿಸ್ತಾರಂತೆ?”

“ಉದ್ಯಮಗಳನ್ನ, ಭಾವ.”

“ಇದೇನು ಮತ್ತೆ? ನಾನಿಲ್ಲಿ ಗಾಳಿಪಟ ಹಾರಿಸ್ತಿದ್ದೀನಾ?”

ಉನ್ನತ ಉದ್ಯಮಗಳನ್ನು ಎಂದು ನಾನು ತಿದ್ದಿದೆ. ಅವರು ಕೈ ನಿಲ್ಲಿಸಿ, “ನಿನ್ನ ಕಾಯ್ದೆನ ನೀನೇ ಇಟ್ಕೋ” ಎಂದರು. ಅಂದಿನಿಂದ ಅದು ನನ್ನ ಕಾಯ್ದೆಯೇ ಆಯಿತು. ಬೀದಿಯಲ್ಲಿ ಯಾರಿಗೆ ನೋಟೀಸು ಬಂದರೂ ಭಾವ ನನ್ನ ಕಡೆ ಬೆರಳು ತೋರಿಸಿ, ಇವನನ್ನೇ ಕೇಳಿ ಎನ್ನುತ್ತಿದ್ದರು.

ಬೀದಿ ಬೋರ್ಡು ಬದಲಿಸಲು ಶುರುಮಾಡಿತು. ಜೆರಾಕ್ಸಿನವನು ‘ದತ್ತಾಂಶ ಪ್ರತಿರೂಪಣ ಕೇಂದ್ರ’ವಾದ. ಬೀಗದ ಕೈಯವನು ‘ಭದ್ರತಾ ಪರಿಹಾರಗಳು’ ಎಂದು ಹಾಕಿಸಿ, ಅದೇ ಹಳೆಯ ಸ್ಟೂಲಿನ ಮೇಲೆ ಕೂತು ಅದೇ ಅರದಿಂದ ಬೀಗದ ಕೈ ತಿಕ್ಕುತ್ತಿದ್ದ. ವೆಲ್ಡರ್ ಮಾತ್ರ ಬೋರ್ಡಿನ ಗೊಡವೆಗೆ ಹೋಗಲಿಲ್ಲ. ಕಿಡಿ ಇಲ್ಲದೆ ವೆಲ್ಡಿಂಗ್ ಮಾಡುವ ವಿದ್ಯೆ ಸರ್ಕಾರಕ್ಕೆ ಗೊತ್ತಿದ್ದರೆ ಬಂದು ಹೇಳಿಕೊಡಲಿ ಎಂದು ಕಂಬಕ್ಕೆ ಹೇಳಿದ. ನಾನೂ ಭಾವನಿಗಾಗಿ ತಲೆ ಕೆರೆದುಕೊಂಡು ‘ವಿದ್ಯುತ್ಕಾಂತೀಯ ಪುನಶ್ಚೇತನ ಘಟಕ’ ಎಂದು ಬರೆದುಕೊಂಡು ಹೋದೆ. ಓದಿ ನೋಡಿ, ಹಾಗಂದರೇನು ಎಂದು ಕೇಳಿದರು. ಮೋಟರ್ ರಿಪೇರಿ ಎಂದೆ. ಮತ್ತೆ ಹಾಗಂತಲೇ ಬರೆಯೋಕೆ ನಿನಗೇನು ರೋಗ ಎಂದು ಕಾಗದವನ್ನು ಹರಿದು ಎಸೆದರು.

ಅವರನ್ನು ದಾರಿಗೆ ತಂದವರು ಅತ್ತಿಗೆ. ಅತ್ತಿಗೆಗೆ ಗಂಡನ ಕೈಚಳಕದ ಬಗ್ಗೆ ಅನುಮಾನವಿರಲಿಲ್ಲ. ಬಾಯಿಯ ಬಗ್ಗೆಯೂ ಇರಲಿಲ್ಲ. ಒಂದು ಸಂಜೆ ನನ್ನನ್ನೂ ನನ್ನ ಹೆಂಡತಿಯನ್ನೂ ಕರೆಸಿ ಕೂರಿಸಿಕೊಂಡು, ಗಂಡನ ಎದುರಿಗೇ ಹೇಳಿದರು.

“ಇವರ ಬಾಯಿಗೆ ಗಿರಾಕಿಗಳು ಬರ್ತಿರೋದು ಅಂಗಡಿ ದಾರಿಯಲ್ಲೇ ಇದೆ ಅಂತ. ಊರಾಚೆ ಹೋದ್ರೆ, ಹುಡುಕ್ಕೊಂಡು ಬಂದು ಬೈಸಿಕೊಳ್ಳೋಕೆ ಯಾರಿಗೆ ಏನು ಹಣೆಬರಹ? ಆ ಬೀದಿ ಬಿಟ್ಟರೆ ಇವರ ಕೆಲಸ ಮುಗೀತು. ಏನು ಮಾಡ್ತೀರೋ ಮಾಡಿ, ಅಂಗಡಿ ಅಲ್ಲೇ ಇರಬೇಕು.”

ಭಾವ ಏನೂ ಹೇಳಲಿಲ್ಲ. ಅವರು ಏನೂ ಹೇಳದೆ ಇದ್ದದ್ದನ್ನು ನಾನು ಅದೇ ಮೊದಲ ಸಲ ನೋಡಿದ್ದು. ಅದರಿಂದಲೇ ವಿಷಯ ಎಷ್ಟು ಗಂಭೀರವೆಂದು ತಿಳಿಯಿತು. ವಯಸ್ಸಿಗೆ ಬರುವ ಮೊದಲೇ ಆ ಕೋಣೆ ಹೊಕ್ಕವರು ಅವರು. ಬೇರೆ ಕೋಣೆಯಲ್ಲಿ ಅವರ ಕೈ ಓಡುತ್ತದೆಯೇ ಎಂಬುದು ಅವರಿಗೂ ಗೊತ್ತಿರಲಿಲ್ಲ.

ಕಾಯ್ದೆಯನ್ನು ಎರಡು ಸಲ ಓದಿದ್ದೆ ಎಂಬ ಒಂದೇ ಅರ್ಹತೆಯ ಮೇಲೆ ನಾನು ಸಲಹೆಗಾರನಾದೆ. ನನ್ನ ಸಲಹೆಯಂತೆ ಗೋಡೆಗೆ ಬಿಳಿ ಬಣ್ಣ ಬಂತು. ಮುಂದೆ ಗಾಜಿನ ಬಾಗಿಲು ಬಂತು. ಯಾರೋ ಮಾರಿದ ಹಳೆಯ ಏಸಿ ಬಂತು. ಅದರ ಮೋಟರನ್ನೂ ಭಾವನೇ ಸುತ್ತಬೇಕಾಯಿತು. ಕೋಣೆ ತಣ್ಣಗಾಯಿತು, ಭಾವ ಆಗಲಿಲ್ಲ. ಸ್ವೆಟರು ಹಾಕಿಕೊಂಡು ಮೇಜಿನ ಮುಂದೆ ಕೂತು, ಬಂದ ಗಿರಾಕಿಗಳಿಗೆ ಬಾಗಿಲು ಹಾಕಿ ಬಾಗಿಲು ಹಾಕಿ ಎಂದು ಬೈಯುತ್ತಿದ್ದರು. ಗಿರಾಕಿಗಳು ಇದು ಬ್ಯಾಂಕೆಂದು ತಿಳಿದು ಚಪ್ಪಲಿ ಒರೆಸಿಕೊಂಡು ಒಳಗೆ ಬರುತ್ತಿದ್ದರು.

ತೊಂದರೆ ಒಂದೇ. ಆ ತಣ್ಣನೆಯ ಕೋಣೆಯಲ್ಲಿ ವಾರ್ನಿಷ್ ಒಣಗುತ್ತಿರಲಿಲ್ಲ. ನಾನು ಬಲ್ಬಿನ ಮಾತೆತ್ತಿದೆ. ಕೋಳಿಮರಿಯ ಮಾತು ಬಂತು. ಮಾನ್ಯತೆಯ ತಪಾಸಣೆ ಮುಗಿಯುವವರೆಗೆ ಕೆಲಸವನ್ನೇ ತೆಗೆದುಕೊಳ್ಳಬೇಡಿ ಎಂದೆ. ಅದಕ್ಕೆ ಒಪ್ಪಿದರು. ಅಷ್ಟರಲ್ಲಿ ಮುಂದಿನ ಬೀದಿಯ ಆಸ್ಪತ್ರೆಯ ನೀರಿನ ಪಂಪು ಸುಟ್ಟುಕೊಂಡು ಬಂತು. ಆಸ್ಪತ್ರೆಯವರು ಬೇಗ ಬೇಕು ಎನ್ನಲಿಲ್ಲ, ನಿಧಾನಕ್ಕೂ ಎನ್ನಲಿಲ್ಲ. ರೋಗಿಗಳು ಬಕೆಟ್ಟು ಹಿಡಿದು ನಿಂತಿದ್ದಾರೆ ಎಂದರು. ಭಾವ ಅದನ್ನು ಸುತ್ತಿದರು. ಆ ಸುತ್ತಿನಲ್ಲಿ ಅವರು ತಮ್ಮ ಸಿಟ್ಟನ್ನೆಲ್ಲ ಹಾಕಿದ್ದರೆಂದು ಕಾಣುತ್ತದೆ. ಅಷ್ಟು ಚೆಲುವಾದ ಕೆಲಸವನ್ನು ಅವರ ಕೈಯಲ್ಲೂ ನಾನು ನೋಡಿರಲಿಲ್ಲ. ಜಡೆ ಹೆಣೆದ ಹಾಗಿತ್ತು. ತಪಾಸಣೆಯ ಬೆಳಿಗ್ಗೆ ಅದನ್ನು ಹಿತ್ತಲಿನಲ್ಲಿ, ನಲ್ಲಿಯ ಪಕ್ಕದ ಕಲ್ಲಿನ ಮೇಲೆ ಬಿಸಿಲಿಗಿಟ್ಟು, ಹಿಂಬಾಗಿಲಿಗೆ ಒಂದು ಹೊಸ ಪರದೆ ಇಳಿಬಿಟ್ಟೆವು.

ಬಂದವರು ಒಬ್ಬ ಅಧಿಕಾರಿ ಹೆಂಗಸು, ಜೊತೆಗೆ ಫೋಟೋ ತೆಗೆಯಲು ಒಬ್ಬ ಗುಮಾಸ್ತ. ಆಕೆ ಕೆಟ್ಟವರಲ್ಲ, ಬೆಳಗಿನಿಂದ ಒಂದೇ ಪ್ರಶ್ನೆಯನ್ನು ಕೇಳಿ ಕೇಳಿ ಸೋತವರು. ಮೊದಲು ಎದುರಿನ ವೆಲ್ಡರನ ಅಂಗಡಿಗೆ ಹೋದರು. ಅಲ್ಲಿ ಕೆಲಸ ಹೆಚ್ಚು ಹೊತ್ತು ಹಿಡಿಯಲಿಲ್ಲ. ಅವನು ಅವರೆದುರಿಗೇ ಒಂದು ಗೇಟಿಗೆ ಬೆಸುಗೆ ಹಾಕುತ್ತಿದ್ದ. ಕಿಡಿ ಬಂದು ಗುಮಾಸ್ತನ ಬೂಟಿನ ಮೇಲೆ ಬಿತ್ತು. ಆಕೆ ಕೈಯಲ್ಲಿದ್ದ ಟ್ಯಾಬಿನ ಮೇಲೆ ಒಮ್ಮೆ ಒತ್ತಿ ಹೊರಗೆ ಬಂದರು. ಅವನ ಪಾಲಿಗೆ ಅಷ್ಟಕ್ಕೇ ಮುಗಿಯಿತು. ಅವನು ಕಣ್ಣಿನ ಕನ್ನಡಕ ತೆಗೆದು ಅವರ ಬೆನ್ನನ್ನು ನೋಡುತ್ತ ನಿಂತದ್ದು ನಮ್ಮ ಗಾಜಿನ ಬಾಗಿಲಿನಿಂದ ಕಾಣುತ್ತಿತ್ತು. ಭಾವನೂ ನೋಡಿದರು. ಖುಷಿಪಡುವರೆಂದುಕೊಂಡೆ. ಪಡಲಿಲ್ಲ.

ನಮ್ಮಲ್ಲಿ ಎಲ್ಲ ಸುಸೂತ್ರವಾಗಿ ನಡೆಯಿತು. ಅತ್ತಿಗೆ ಹಿಂದಿನ ಸಂಜೆಯೆಲ್ಲ ಕೂರಿಸಿ ಹೇಳಿಕೊಟ್ಟಿದ್ದ ಪಾಠದಂತೆ ಭಾವ ಪ್ರತಿಯೊಂದಕ್ಕೂ ‘ಹೌದು ಮೇಡಂ’, ‘ಇಲ್ಲ ಮೇಡಂ’ ಎನ್ನುತ್ತಿದ್ದರು. ಅವರ ಬಾಯಿಂದ ಮೇಡಂ ಎಂಬ ಶಬ್ದ ಹೊರಬೀಳುವಾಗಲೆಲ್ಲ ಕುತ್ತಿಗೆಯ ನರ ಉಬ್ಬುತ್ತಿತ್ತು, ಅಷ್ಟೇ. ಆಕೆ ಏಸಿಯನ್ನು ನೋಡಿದರು, ಬಿಳಿ ಗೋಡೆ ನೋಡಿದರು, ಸ್ವೆಟರು ನೋಡಿದರು. ಕೆಲಸದ ಯಾವುದಾದರೂ ಹಂತ ಬಯಲಿನಲ್ಲಿ ನಡೆಯುತ್ತದೆಯೇ ಎಂದು ಕೇಳಿದರು. ಇಲ್ಲ ಮೇಡಂ. ಆಕೆಯ ಬೆರಳು ಟ್ಯಾಬಿನ ಮೇಲೆ ಇಳಿಯುತ್ತಿತ್ತು.

ಆಗ ಹಿಂಬಾಗಿಲಿನ ಪರದೆ ಸರಿಸಿಕೊಂಡು ವೆಲ್ಡರ್ ಒಳಗೆ ಬಂದ. ಕೈಯಲ್ಲಿ ನೀರು ತುಂಬಿದ ಬಕೆಟ್ಟು. ಮುಖ ತೊಳೆದುಕೊಂಡಿದ್ದ, ಕಣ್ಣು ಕೆಂಪಗಿತ್ತು, ಅದು ಬೆಸುಗೆಯಿಂದಲೋ ಮತ್ತೇತರಿಂದಲೋ ಗೊತ್ತಿಲ್ಲ. ಅಲ್ಲಿ ಕಂಬವಿಲ್ಲದ್ದರಿಂದ ಏಸಿಯನ್ನು ನೋಡಿಕೊಂಡು ಹೇಳಿದ.

“ಹಿತ್ತಲಲ್ಲಿರೋ ಮೋಟರು ಕೆಳಗಿನ ಮಗ್ಗುಲು ಇನ್ನೂ ಹಸಿ ಇದೆ. ಹೊರಳಿಸಿದ್ದೀನಿ. ಈಗಲೇ ಎತ್ತಬೇಡಿ ಅಂತ ಹೇಳಿ.”

ಹೇಳಿದ ಮೇಲೆ ಅವನಿಗೆ ಅಧಿಕಾರಿ ಕಂಡರು. ಬಕೆಟ್ಟು ಕೆಳಗಿಟ್ಟ.

ಅದು ಬೇಕೆಂದೇ ಮಾಡಿದ್ದೆಂದು ಭಾವ ಇಂದಿಗೂ ಹೇಳುತ್ತಾರೆ. ತನ್ನ ಅಂಗಡಿ ಹೋಯಿತಲ್ಲ, ಇವನದೂ ಹೋಗಲಿ ಎಂಬ ಹೊಟ್ಟೆಕಿಚ್ಚು ಎನ್ನುತ್ತಾರೆ. ಅತ್ತಿಗೆ, ಅದು ರೂಢಿ ಎನ್ನುತ್ತಾರೆ: ಹಸಿ ಮೋಟರು ಕಂಡಿತು, ಕೈ ಹೋಯಿತು, ಬಾಯಿಯೂ ಹೋಯಿತು. ನಾನು ಅವನ ಮುಖವನ್ನು ಹತ್ತಿರದಿಂದ ನೋಡಿದವನು. ಕೆಟ್ಟ ಕೆಲಸ ಮಾಡಿದವನ ಮುಖ ಅಷ್ಟು ಪೆದ್ದಾಗಿ ಇರುವುದಿಲ್ಲ.

ಆಕೆ ಹಿತ್ತಲಿಗೆ ನಡೆದರು. ನಾವೆಲ್ಲ ಹಿಂದೆ ಹೋದೆವು. ಕಲ್ಲಿನ ಮೇಲೆ ಮೋಟರು ಬಿಸಿಲಿಗೆ ಜೇನು ಸವರಿದಂತೆ ಹೊಳೆಯುತ್ತಿತ್ತು. ಯಾರದಿದು ಎಂದು ಕೇಳಿದರು. ಭಾವ ಬಾಯಿ ತೆರೆಯುವ ಮೊದಲೇ ವೆಲ್ಡರ್ ಮುಂದೆ ಬಂದ.

“ನಂದು ಮೇಡಂ. ನಲ್ಲಿ ಹತ್ರ ಬಿಸಿಲು ಚೆನ್ನಾಗಿ ಬೀಳುತ್ತೆ ಅಂತ ಇಟ್ಟಿದ್ದೆ. ಇವರಿಗೂ ಇದಕ್ಕೂ ಏನೂ ಸಂಬಂಧ ಇಲ್ಲ.”

ನೀವು ವೆಲ್ಡರ್ ಅಲ್ಲವೇ ಎಂದು ಆಕೆ ಕೇಳಿದರು. ಬಿಡುವಿದ್ದಾಗ ಇದನ್ನೂ ಮಾಡುತ್ತೇನೆ ಎಂದ. ಆಕೆಗೆ ನಂಬಿಕೆ ಬರಲಿಲ್ಲ ಎಂಬುದು ನನಗೆ ಸ್ಪಷ್ಟವಾಗಿತ್ತು. ನಂಬಿದಂತೆ ಇದ್ದುಬಿಡಲು ಆಕೆಗೆ ಅಡ್ಡಿಯಿಲ್ಲ ಎಂಬುದೂ ಅಷ್ಟೇ ಸ್ಪಷ್ಟವಾಗಿತ್ತು. ಅವನದು ಹೇಗೂ ಹೋಗಿದೆ, ಇನ್ನೊಂದು ತಪ್ಪು ಅವನ ತಲೆಗೆ ಬಿದ್ದರೆ ಯಾರಿಗೂ ನಷ್ಟವಿಲ್ಲ. ಭಾವನನ್ನು ನೋಡಿದೆ. ಹೌದು ಮೇಡಂ ಎಂದರೆ ಸಾಕಿತ್ತು. ಅಷ್ಟೂ ಬೇಡ, ಸುಮ್ಮನೆ ಆಕಾಶ ನೋಡಿದ್ದರೂ ಸಾಕಿತ್ತು. ನೋಡುತ್ತಲೂ ಇದ್ದರು.

ಹೋಗುವ ಮೊದಲು ಆಕೆ ಬಗ್ಗಿ ಮೋಟರಿನ ಒಳಗೆ ಇಣುಕಿದರು. ಸೌಜನ್ಯಕ್ಕೆ ಒಂದು ಮಾತಾಡಿದರು. “ತುಂಬ ಅಚ್ಚುಕಟ್ಟಾಗಿ ಸುತ್ತಿದ್ದೀರಿ.”

ವೆಲ್ಡರ್ ಹಲ್ಲು ಬಿಟ್ಟ. ಹೇಳಿದ ಸುಳ್ಳು ಇನ್ನಷ್ಟು ಗಟ್ಟಿಯಾಗಲಿ ಎಂದೇ ಇರಬೇಕು, ಕೈ ಬೀಸಿ ಅಂದ: “ಇದರಲ್ಲೇನಿದೆ ಮೇಡಂ. ಕೈ ಬಂದ ಹಾಗೆ ಸುತ್ತಿದ್ದು. ಯಾರು ಬೇಕಾದ್ರೂ ಸುತ್ತಬಹುದು.”

ಭಾವ ಆಕಾಶದಿಂದ ಕೆಳಗಿಳಿದರು.

“ಕೈ ಬಂದ ಹಾಗಾ?”

ನಾನು ಸ್ವೆಟರಿನ ತೋಳು ಹಿಡಿದು ಜಗ್ಗಿದೆ. ತೋಳು ನನ್ನ ಕೈಯಲ್ಲಿ ಉದ್ದವಾಯಿತು, ಭಾವ ಮುಂದೆ ಹೋದರು.

“ಮೇಡಂ, ಇವನ ಕೈಗೆ ತಂತಿ ಕೊಟ್ಟರೆ ಕಾಗೆ ಗೂಡು ಕಟ್ತಾನೆ. ನೋಡಿ ಇಲ್ಲಿ, ಈ ಸುತ್ತು ನೋಡಿ. ಒಂದರ ಮೇಲೊಂದು ಎಲ್ಲಾದ್ರೂ ಹತ್ತಿದೆಯಾ? ಈ ದಾರದ ಗಂಟು ನೋಡಿ. ಇದು ನಂದು. ನಾನು ಸುತ್ತಿದ್ದು. ನನ್ನ ಕೆಲಸ ಸರಿಯಿಲ್ಲ ಅಂತ ಬೀದೀಲಿ ನಿಂತು ಕೂಗಿದೋನು ಇವನು. ಇವತ್ತು ನಂದು ಅಂತಾನೆ!”

“ಅಯ್ಯೋ, ನಿನ್ನ ಅಂಗಡಿ ಉಳಿಸೋಕೆ ಅಂದಿದ್ದು ಕಣೋ” ಎಂದ ವೆಲ್ಡರ್. ಇಷ್ಟು ವರ್ಷಗಳ ಮೇಲೆ ಅವನು ಭಾವನ ಮುಖ ನೋಡಿ ಆಡಿದ ಮೊದಲ ಮಾತು ಅದು.

“ನಿನ್ನ ಕೈಲಿ ಉಳಿಸಿಕೊಂಡು ನಾನು ಬದುಕಬೇಕಾ?”

ಗುಮಾಸ್ತ ಫೋಟೋ ತೆಗೆದ. ಭಾವ ಮೋಟರಿನ ಪಕ್ಕ ನೆಟ್ಟಗೆ ನಿಂತು ತೆಗೆಸಿಕೊಂಡರು. ಅಧಿಕಾರಿ ಇಬ್ಬರನ್ನೂ ನೋಡಿ ಟ್ಯಾಬಿನ ಮೇಲೆ ಒತ್ತಿದರು.

ಆದೇಶ ಬರಲು ತಡವಾಗಲಿಲ್ಲ. ಪ್ರೋತ್ಸಾಹದ ವಿಷಯದಲ್ಲಿ ನಿಧಾನ ಮಾಡುವ ಸರ್ಕಾರ ತೆರವಿನ ವಿಷಯದಲ್ಲಿ ಚುರುಕು. ಘಟಕವು ಉನ್ನತ ವರ್ಗಕ್ಕೆ ಸೇರಿಲ್ಲವೆಂದೂ, ಬಯಲಿನಲ್ಲಿ ಕೆಲಸ ನಡೆಸಿ ಅದನ್ನು ಮುಚ್ಚಿಟ್ಟಿದೆಯೆಂದೂ, ಆದ್ದರಿಂದ ತಿಂಗಳೊಳಗೆ ಜಾಗ ಬಿಡತಕ್ಕದ್ದೆಂದೂ ಬರೆದಿತ್ತು. ಜೆರಾಕ್ಸಿನವನಿಗೆ ಮಾನ್ಯತೆ ಸಿಕ್ಕಿತು. ಅವನು ಈಗ ಉನ್ನತ ತಂತ್ರಜ್ಞಾನ. ಕಾಗದ ಸಿಕ್ಕಿಕೊಂಡರೆ ಈಗಲೂ ಯಂತ್ರದ ನೆತ್ತಿಗೆ ಗುದ್ದುತ್ತಾನೆ.

ಅತ್ತಿಗೆ ಗಂಡನೊಂದಿಗೆ ಮಾತು ಬಿಟ್ಟರು. ಮನೆಯಲ್ಲಿ ಕಂಬವಿಲ್ಲದ್ದರಿಂದ ಆ ಕೆಲಸ ನನಗೆ ಬಂತು. “ಒಂದು ಗಳಿಗೆ ಬಾಯಿ ಮುಚ್ಕೊಂಡಿರೋಕೆ ಆಗಲಿಲ್ವಾ ಅಂತ ಕೇಳು ಅವರನ್ನ” ಎಂದು ನನಗೆ ಹೇಳಿದರು. ನಾನು ಕೇಳಿದೆ. ಭಾವ ಜೇನು ಬಣ್ಣದ ಬೆರಳುಗಳನ್ನು ನೋಡಿಕೊಳ್ಳುತ್ತ ಹೇಳಿದರು.

“ಮುಚ್ಕೊಂಡಿದ್ದೆನಲ್ಲ. ಅಂಗಡೀನೂ ತಂದೇ ಅಂತ ಅವನು ಅಂದಿದ್ರೂ ಮುಚ್ಕೊಂಡಿರ್ತಿದ್ದೆ. ಯಾರು ಬೇಕಾದ್ರೂ ಸುತ್ತಬಹುದು ಅಂದ. ಅಷ್ಟಕ್ಕೂ ಸುಮ್ಮನಿದ್ರೆ, ಆಮೇಲೆ ಆ ಕೋಣೇಲಿ ಕೂತು ಯಾರು ಸುತ್ತಬೇಕಿತ್ತು?”

ಅತ್ತಿಗೆಗೆ ಈ ಉತ್ತರವನ್ನು ನಾನು ತಲುಪಿಸಲಿಲ್ಲ. ಪಕ್ಕದಲ್ಲೇ ಕೂತಿದ್ದರು, ಕೇಳಿಸಿಕೊಂಡಿದ್ದರು. ಎದ್ದು ಒಳಗೆ ಹೋಗಿ ಪಾತ್ರೆಗಳನ್ನು ಜೋರಾಗಿ ಎತ್ತಿಟ್ಟರು.

ಊರಾಚೆ ಒಂದು ತಗಡಿನ ಶೆಡ್ಡು ಸಿಕ್ಕಿತು. ಅಲ್ಲಿಗೆ ಬಸ್ಸು ಹೋಗುವುದಿಲ್ಲ, ಸುಟ್ಟ ಮೋಟರು ಹೊತ್ತುಕೊಂಡು ಯಾರೂ ನಡೆದು ಹೋಗುವಂತಿಲ್ಲ. ಸಾಮಾನು ಸಾಗಿಸುವ ದಿನ ನಾನು ರಜೆ ಹಾಕಿ ಹೋದೆ. ಉರುಳೆಗಳು ಇಳಿದವು, ಮೊಳೆಗಳು ಉಳಿದವು. ಗಾಜಿನ ಬಾಗಿಲನ್ನು ಭಾವ ತೆಗೆಯಗೊಡಲಿಲ್ಲ, ನಿನ್ನ ಕಾಯ್ದೆಗೆ ಇರಲಿ ಎಂದರು. ಕೊನೆಗೆ ಕಬ್ಬಿಣದ ಮೇಜು. ಅದರ ಕಾಲಿನ ಬೋಲ್ಟುಗಳು ತುಕ್ಕು ಹಿಡಿದು ನೆಲದೊಂದಿಗೆ ಒಂದಾಗಿದ್ದವು. ಯಾವ ಸ್ಪ್ಯಾನರಿಗೂ ಅಲುಗಲಿಲ್ಲ. ಗ್ಯಾಸಿನಿಂದ ಕತ್ತರಿಸಬೇಕು, ಗ್ಯಾಸು ಇದ್ದದ್ದು ಎದುರಿಗೆ. ಅವನೂ ಅದೇ ವಾರ ಅಂಗಡಿ ಕಟ್ಟುತ್ತಿದ್ದ.

ಮೇಜು ಇಲ್ಲೇ ಬಿದ್ದಿರಲಿ ಎಂದರು ಭಾವ. ಅದಿಲ್ಲದೆ ಅವರಿಗೆ ಕೆಲಸವಿಲ್ಲ ಎಂಬುದು ಎಲ್ಲರಿಗೂ ಗೊತ್ತಿತ್ತು. ಅತ್ತಿಗೆ ರಸ್ತೆ ದಾಟಿದರು. ಅಲ್ಲಿ ಏನು ಹೇಳಿದರೋ, ವೆಲ್ಡರ್ ಸಿಲಿಂಡರನ್ನು ಉರುಳಿಸಿಕೊಂಡು ಅವರ ಹಿಂದೆ ಬಂದ. ಯಾರನ್ನೂ ನೋಡಲಿಲ್ಲ. ಕನ್ನಡಕ ಇಳಿಸಿ, ಆ ಬಿಳಿ ಗೋಡೆಗಳ ನಡುವೆ ಮಂಡಿಯೂರಿ, ಒಂದೊಂದೇ ಬೋಲ್ಟನ್ನು ಸುಡುತ್ತ ಹೋದ. ಕಿಡಿ ಕೋಣೆಯ ತುಂಬ ಹಾರಿತು. ತಡೆಯುವ ಅಧಿಕಾರಿ ಯಾರೂ ಇರಲಿಲ್ಲ. ಕೊನೆಯದು ತುಂಡಾಗಿ ಮೇಜು ಒಮ್ಮೆ ಅಲುಗಿತು. ಅವನು ಎದ್ದು ಪೈಪು ಸುತ್ತಿಕೊಳ್ಳತೊಡಗಿದ.

ಇಂಥ ಕಡೆ ಥ್ಯಾಂಕ್ಸ್ ಎನ್ನಬಹುದು, ಏನೂ ಅನ್ನದೆಯೂ ಇರಬಹುದು. ಭಾವ ಬಗ್ಗಿ ಮೇಜಿನ ಕಾಲನ್ನು ಬೆರಳಿನಿಂದ ಸವರಿ ನೋಡಿದರು. ಕತ್ತರಿಸಿದ ಅಂಚು ಒರಟಾಗಿತ್ತು. ನನ್ನ ಕಡೆ ತಿರುಗಿ, ಅವನಿಗೆ ಚೆನ್ನಾಗಿ ಕೇಳಿಸುವ ಹಾಗೆ ಹೇಳಿದರು.

“ಇದಕ್ಕೆ ಕತ್ತರಿಸೋದು ಅಂತಾರಾ? ಇಲಿ ಕಡಿದ ಹಾಗಿದೆ.”

ವೆಲ್ಡರ್ ಬಾಗಿಲಲ್ಲಿ ನಿಂತ. ಕನ್ನಡಕವನ್ನು ಹಣೆಯ ಮೇಲೆ ಸರಿಸಿ, ಭಾವನನ್ನೇ ನೋಡಿದ.

“ಸರಿಯಿಲ್ಲ ಅಂದ್ರೆ ಹೇಳು, ವಾಪಸ್ ಬೆಸೆದು ಕೊಡ್ತೀನಿ. ಇಲ್ಲೇ ಇರು.”

ಹೊರಗೆ ಲಾರಿಯವನು ಹಾರ್ನ್ ಹಾಕಿದ. ನಾನೂ ಅತ್ತಿಗೆಯೂ ಮೇಜಿನ ಆ ತುದಿ ಹಿಡಿದೆವು. ಈ ತುದಿಯ ಒಂದು ಕಾಲನ್ನು ಭಾವ ಹಿಡಿದರು, ಇನ್ನೊಂದನ್ನು ಹಿಡಿಯಲು ಯಾರೂ ಇರಲಿಲ್ಲ. ವೆಲ್ಡರ್ ಪೈಪನ್ನು ಹೆಗಲಿಗೆ ಹಾಕಿಕೊಂಡು, ಸಿಲಿಂಡರನ್ನು ಉರುಳಿಸಿಕೊಂಡು ರಸ್ತೆ ದಾಟಿ ಹೋದ. ಮೇಜು ಒಂದು ಕಡೆ ವಾಲಿಕೊಂಡೇ ಹೊರಗೆ ಬಂತು.